ಬಾತು ತೇಲುತ್ತದೆ, ತೆಪ್ಪ ಯಾಕೆ ಮಗುಚುತ್ತದೆ?



ನಮ್ಮ ಓಬಳಾಪುರದಲ್ಲಿ ನಿಂತು ಸುತ್ತ ನೋಡಿದರೆ ಏನು ಕಾಣುತ್ತದೆ? ಕೆಂಪು ಅದಿರಿನ ಗುಡ್ಡ, ಶೇಂಗಾ ಹೊಲ, ಜಾಲಿಗಿಡ, ಬಿಸಿಲು. ನೀರನ್ನು ಮಾತ್ರ ಹುಡುಕಬೇಕು. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿ.ಮೀ. ಆಸುಪಾಸು. ರಾಯದುರ್ಗವಾಗಲಿ ಮಡಕಶಿರಾ ಆಗಲಿ, ಬರದ ಸೀಮೆ ಅಂತಲೇ ಹೆಸರು. ಇಂಥ ಊರಿನ ಮಕ್ಕಳಿಗೆ ದೋಣಿ, ತೆಪ್ಪದ ಪಾಠ ಯಾಕೆ ಅಂತ ನಿಮಗೆ ಅನ್ನಿಸಬಹುದು.

ನೀರು ಅಪರೂಪ ಆಗಿರುವುದರಿಂದಲೇ ಈ ಪಾಠ ಬೇಕು. ಹೊಳೆದಂಡೆಯಲ್ಲಿ ಹುಟ್ಟಿದ ಮಕ್ಕಳು ನಡೆಯೋದನ್ನು ಕಲಿತ ಮೇಲೆ ಈಜುವುದನ್ನೂ ಕಲಿಯುತ್ತಾರೆ. ನೀರು ಯಾವಾಗ ಸುಮ್ಮನಿರುತ್ತದೆ, ಯಾವಾಗ ಎಳೆಯುತ್ತದೆ ಅಂತ ಅವರಿಗೆ ಗೊತ್ತು. ನಮಗೆ ಅದು ಗೊತ್ತಿಲ್ಲ. ನಮ್ಮ ಹಗರಿ, ಅಂದರೆ ವೇದಾವತಿ, ಎಷ್ಟೋ ವರ್ಷ ಬರೀ ಮರಳು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಏನಾಯಿತು ನೆನಪಿದೆಯಾ? ಮೇಲೆ ಹಿರಿಯೂರಿನ ಹತ್ತಿರ ಮಾರಿಕಣಿವೆಯ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿತ್ತು. ಮರಳೇ ನದಿ ಅಂದುಕೊಂಡಿದ್ದ ಮಕ್ಕಳು ಮೊದಲ ಸಲ ನಿಜವಾದ ನದಿಯನ್ನು ನೋಡಿದರು. ಭೈರವಾನಿತಿಪ್ಪ ಜಲಾಶಯವಿದೆ, ಬೊಮ್ಮನಹಾಳ್, ಕಣೇಕಲ್ಲು ಕಡೆಗೆ ತುಂಗಭದ್ರಾ ನೀರು ತರುವ ಎಚ್ಎಲ್‌ಸಿ ಕಾಲುವೆಯಿದೆ, ಮಳೆ ಚೆನ್ನಾಗಿ ಆದ ವರ್ಷ ತುಂಬುವ ಕೆರೆಗಳಿವೆ. ನೀರು ಬಂದ ಕೂಡಲೇ ನಾವು ಹಬ್ಬಕ್ಕೆ ಹೋದಂತೆ ನೋಡಲು ಹೋಗುತ್ತೇವೆ.

ನಮ್ಮ ಹಿಂದೆಯೇ ಹಕ್ಕಿಗಳೂ ಬರುತ್ತವೆ. ಚಳಿಗಾಲದಲ್ಲಿ ತುಂಬಿದ ಕೆರೆಗೆ ಸೂಜಿಬಾಲದ ಬಾತು ಬರುತ್ತದೆ, ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರುತ್ತದೆ. ನಮ್ಮದೇ ಸಿಳ್ಳೆ ಬಾತುಗಳಂತೂ ಇದ್ದೇ ಇರುತ್ತವೆ. ಹಿಂದೂಪುರದ ಕಡೆ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾತುಗಳು ದಂಡೆಗೆ ಬರುವುದಿಲ್ಲ, ನಡುನೀರಿನಲ್ಲಿ ಗುಂಪಾಗಿ ಕೂತಿರುತ್ತವೆ. ಹತ್ತಿರದಿಂದ ನೋಡಬೇಕು ಅನ್ನಿಸುತ್ತದೆ. ದಂಡೆಯಲ್ಲಿ ಮೀನುಗಾರರ ತೆಪ್ಪ ಇರುತ್ತದೆ. "ಹತ್ತೋಣ ಬಾರೋ" ಅಂತ ಒಬ್ಬ ಅಂದರೆ ಸಾಕು, ಹತ್ತು ಜನ ಹತ್ತುತ್ತಾರೆ.

ಈ ಲೇಖನ ಆ ಹತ್ತುವ ಗಳಿಗೆಯ ಬಗ್ಗೆ.

ನಮ್ಮ ಜಿಲ್ಲೆಯ ಒಂದು ದಿನ

2017ರ ಏಪ್ರಿಲ್ 28. ನಮ್ಮದೇ ಅನಂತಪುರ ಜಿಲ್ಲೆಯ ಗುಂತಕಲ್ಲು ಮಂಡಲದ ವೈ.ಟಿ. ಚೆರುವು ಎಂಬ ಊರು. ಬಂಧುಗಳ ಮನೆಯ ಸಮಾರಂಭಕ್ಕೆ ಬಂದಿದ್ದ ಜನ ಕೆರೆ ನೋಡಲು ಹೋದರು. ಒಂದೇ ದೋಣಿಯಲ್ಲಿ ಅದು ಹೊರಲಾರದಷ್ಟು ಜನ ಹತ್ತಿದರು. ಕೆರೆಯಲ್ಲಿ ದೋಣಿ ಮಗುಚಿತು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ನಿಮ್ಮ ವಯಸ್ಸಿನ, ನಿಮಗಿಂತ ಚಿಕ್ಕ ಮಕ್ಕಳೂ ಇದ್ದರು. ಅಲ್ಲಿ ಚಂಡಮಾರುತ ಇರಲಿಲ್ಲ, ಪ್ರವಾಹವೂ ಇರಲಿಲ್ಲ. ಅದೊಂದು ಊರ ಕೆರೆ.

2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದವರ ದೋಣಿ ಸಮುದ್ರದಲ್ಲಿ ಮಗುಚಿತು. ಹದಿನೈದಕ್ಕೂ ಹೆಚ್ಚು ಜನ ಹೋದರು. ಅಲ್ಲಿಯೂ ಹತ್ತಬೇಕಾದವರಿಗಿಂತ ಹೆಚ್ಚು ಜನ ಹತ್ತಿದ್ದರು.

ಇಂಥ ಸುದ್ದಿ ಬಂದಾಗ ದೊಡ್ಡವರು "ವಿಧಿ" ಅನ್ನುತ್ತಾರೆ. "ಗಂಗಮ್ಮ ಬಲಿ ತಗೊಂಡಳು" ಅನ್ನುವವರೂ ಇದ್ದಾರೆ. ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಅಲ್ಲಿಗೇ ನಿಲ್ಲಬಾರದು. ದೋಣಿ ಮಗುಚುವುದಕ್ಕೆ ಕಾರಣ ಇರುತ್ತದೆ. ಆ ಕಾರಣವನ್ನು ಹತ್ತುವ ಮೊದಲೇ ಲೆಕ್ಕ ಹಾಕಿ ತಿಳಿಯಬಹುದು. ಬನ್ನಿ, ಮಾಡೋಣ.

ತೇಲುವ ಲೆಕ್ಕ

ಒಂಬತ್ತನೆಯ ತರಗತಿಯಲ್ಲಿ ಆರ್ಕಿಮಿಡೀಸನ ತತ್ತ್ವ ಓದುತ್ತೀರಿ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತದೆ. ಜೀವ ಉಳಿಯಬೇಕಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು.

ನಮ್ಮ ಕಡೆಯ ತೆಪ್ಪ ನಿಮಗೆ ಗೊತ್ತು. ಹರಿಗೋಲು ಅಂತಲೂ ಅನ್ನುತ್ತೇವೆ, ತೆಲುಗಿನಲ್ಲಿ ಪುಟ್ಟಿ. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ನೀರು ಇಳಿಯದ ಹೊದಿಕೆ. ಲೆಕ್ಕ ಸುಲಭವಾಗಲಿ ಅಂತ ಒಂದು ತೆಪ್ಪವನ್ನು ನೇರ ಗೋಡೆಯ ದೊಡ್ಡ ಡಬ್ಬಿ ಅಂದುಕೊಳ್ಳೋಣ. ಅಡ್ಡಳತೆ 2 ಮೀಟರ್, ಎತ್ತರ 60 ಸೆಂ.ಮೀ., ಖಾಲಿ ತೂಕ 60 ಕೆ.ಜಿ.

ಅದರ ತಳದ ವಿಸ್ತೀರ್ಣ 3.14 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಕೆಳಗೆ ಇಳಿದರೆ 31.4 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ. ಅಂದರೆ ಪ್ರತಿ 31.4 ಕೆ.ಜಿ. ಭಾರಕ್ಕೆ ತೆಪ್ಪ ಒಂದು ಸೆಂಟಿಮೀಟರ್ ಇಳಿಯುತ್ತದೆ. 60 ಕೆ.ಜಿ. ತೂಕದ ಒಬ್ಬ ದೊಡ್ಡವರು ಹತ್ತಿದರೆ ಸುಮಾರು 2 ಸೆಂ.ಮೀ. ಇಳಿಯಿತು.

ಈಗ ಆರು ಜನ ಹತ್ತಲಿ. ಜನರ ತೂಕ 360, ತೆಪ್ಪದ್ದು 60, ಒಟ್ಟು 420 ಕೆ.ಜಿ. ತೆಪ್ಪ ಸುಮಾರು 13 ಸೆಂ.ಮೀ. ಇಳಿಯುತ್ತದೆ. ನೀರಿನ ಮೇಲೆ 47 ಸೆಂ.ಮೀ. ಅಂಚು ಉಳಿಯುತ್ತದೆ.

ಹದಿನೈದು ಜನ ಹತ್ತಲಿ. ಒಟ್ಟು 960 ಕೆ.ಜಿ. ತೆಪ್ಪ ಸುಮಾರು 31 ಸೆಂ.ಮೀ. ಇಳಿಯಿತು. ಆದರೂ 29 ಸೆಂ.ಮೀ. ಅಂಚು, ಹತ್ತಿರ ಹತ್ತಿರ ಒಂದು ಅಡಿ, ನೀರಿನ ಮೇಲೆ ಇದೆ.

ಮೋಸ ಇರುವುದು ಇಲ್ಲೇ ನೋಡಿ. ದಂಡೆಯಲ್ಲಿ ನಿಂತವರ ಕಣ್ಣಿಗೆ ಒಂದು ಅಡಿ ಅಂಚು ಕಾಣುತ್ತದೆ. "ಇನ್ನೂ ಮುಳುಗಿಲ್ಲ ಅಲ್ವಾ, ಇನ್ನಿಬ್ಬರು ಹತ್ತಲಿ ಬಿಡ್ರಿ" ಅನ್ನುತ್ತಾರೆ. ತೇಲುವ ಲೆಕ್ಕದ ಪ್ರಕಾರ ಅವರು ಹೇಳುವುದು ತಪ್ಪಲ್ಲ. ಆದರೆ ಹೆಚ್ಚಿನ ತೆಪ್ಪಗಳು ನೆಟ್ಟಗೆ ಕೆಳಗೆ ಇಳಿದು ಮುಳುಗುವುದಿಲ್ಲ. ವಾಲಿ ಮುಳುಗುತ್ತವೆ. ವಾಲುವ ಲೆಕ್ಕವೇ ಬೇರೆ.

ವಾಲುವ ಲೆಕ್ಕ

ಜಾತ್ರೆಯಲ್ಲಿ ತಂಜಾವೂರು ಗೊಂಬೆ ನೋಡಿರ್ತೀರಿ. ಎಷ್ಟು ತಳ್ಳಿದರೂ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಯಾಕೆಂದರೆ ಅದರ ತೂಕವೆಲ್ಲ ಅಡಿಯಲ್ಲಿದೆ, ತಳ ಅಗಲವಾಗಿದೆ. ಬಾತುಕೋಳಿಯೂ ಸ್ವಲ್ಪ ಹೀಗೆಯೇ. ಅಗಲವಾದ ಹೊಟ್ಟೆ ನೀರಿನ ಮೇಲೆ ಹರಡಿಕೊಂಡಿರುತ್ತದೆ. ಕಾಲು, ಎದೆಯ ಮಾಂಸಖಂಡ ಎಲ್ಲ ಕೆಳಗೆ. ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಗರಿಗಳಿಗೆ ಹಚ್ಚಿಕೊಳ್ಳುತ್ತದೆ. ಹಾಗಾಗಿ ಗರಿಗಳ ನಡುವೆ ಗಾಳಿ ಉಳಿಯುತ್ತದೆ, ನೀರು ಒಳಗೆ ಹೋಗುವುದಿಲ್ಲ. ಅಲೆ ಬಂದು ಓಲಾಡಿಸಿದರೂ ಬಾತು ಮಗುಚುವುದಿಲ್ಲ.

ತೆಪ್ಪ ಒಂದು ಕಡೆ ವಾಲಿದಾಗ ಆ ಕಡೆಯ ಭಾಗ ನೀರಿನಲ್ಲಿ ಹೆಚ್ಚು ಮುಳುಗುತ್ತದೆ. ನೀರು ಅಲ್ಲಿ ಹೆಚ್ಚು ಮೇಲಕ್ಕೆ ತಳ್ಳುತ್ತದೆ. ಹೀಗೆ ತೆಪ್ಪ ಮತ್ತೆ ನೆಟ್ಟಗಾಗುತ್ತದೆ. ಈ ನೆಟ್ಟಗಾಗುವ ಶಕ್ತಿ ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ತಳ ಎಷ್ಟು ಅಗಲ. ಎರಡು, ಒಳಗಿನ ಭಾರ ಎಷ್ಟು ಕೆಳಗಿದೆ. ತಳದ ಅಗಲವನ್ನು ಬುಟ್ಟಿ ಹೆಣೆದವರು ಆಗಲೇ ತೀರ್ಮಾನ ಮಾಡಿದ್ದಾರೆ. ಭಾರ ಎಲ್ಲಿರಬೇಕು ಅನ್ನುವುದು ಹತ್ತಿದವರ ಕೈಯಲ್ಲಿದೆ.

ನಮ್ಮ ಲೆಕ್ಕದ ತೆಪ್ಪಕ್ಕೇ ಬರೋಣ. ಆರು ಜನ ತಳದಲ್ಲಿ ಕೂತಿದ್ದಾರೆ. ಬಾತುಗಳು ಹಾರಿದವು. ನೋಡಲು ಮೂರು ಜನ ಒಂದು ಮೀಟರ್‌ನಷ್ಟು ಒಂದೇ ಕಡೆಗೆ ಸರಿದರು. ತೆಪ್ಪ ಸುಮಾರು 15 ಡಿಗ್ರಿ ವಾಲುತ್ತದೆ. ಆ ಕಡೆಯ ಅಂಚು 25 ಸೆಂ.ಮೀ. ಇಳಿಯುತ್ತದೆ. ಇನ್ನೂ 22 ಸೆಂ.ಮೀ. ನೀರಿನ ಮೇಲೆ ಇದೆ. ಎದೆ ಝಲ್ ಅನ್ನುತ್ತದೆ, ಆದರೆ ಅಪಾಯ ಇಲ್ಲ.

ಹದಿನೈದು ಜನ ಕೂತ ತೆಪ್ಪದಲ್ಲೂ ಅದೇ ಮೂರು ಜನ, ಅದೇ ಒಂದು ಮೀಟರ್ ಸರಿದರು ಅಂದುಕೊಳ್ಳಿ. ಇಲ್ಲಿ ಅಂಚು ಸುಮಾರು 27 ಸೆಂ.ಮೀ. ಇಳಿಯುತ್ತದೆ. ಮೇಲೆ ಇದ್ದದ್ದೇ 29. ಉಳಿದದ್ದು ಎರಡು ಸೆಂಟಿಮೀಟರ್, ಅಂದರೆ ನಿಮ್ಮ ಒಂದು ಬೆರಳಿನಗಲ! ಸಣ್ಣ ಅಲೆಯೊಂದು ಬಂದರೂ ನೀರು ಒಳಗೆ.

ಹದಿನೈದು ಜನವೂ ನಿಂತುಬಿಟ್ಟರೆ? ನಿಂತವರ ಭಾರದ ಕೇಂದ್ರ ಹೊಕ್ಕುಳಿನ ಹತ್ತಿರ, ತಳದಿಂದ ಸುಮಾರು 95 ಸೆಂ.ಮೀ. ಮೇಲಿರುತ್ತದೆ. ಕೂತವರಲ್ಲಿ ಅದು 30 ಸೆಂ.ಮೀ.ಗೆ ಇಳಿದಿರುತ್ತದೆ. ಲೆಕ್ಕ ಹಾಕಿದರೆ, ಎಲ್ಲರೂ ನಿಂತಾಗ ತೆಪ್ಪದ ನೆಟ್ಟಗಾಗುವ ಶಕ್ತಿ ಕೂತಾಗ ಇದ್ದುದರ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಜನ ಅವರೇ, ತೂಕ ಅಷ್ಟೇ, ನೀರೂ ಅದೇ. ಕೂತರೆ ದಡ ಸೇರುತ್ತಾರೆ, ನಿಂತರೆ ಇಲ್ಲ. ಫೋನಿನಲ್ಲಿ ಸೆಲ್ಫಿ ತೆಗೆಯಲು ಎಲ್ಲರೂ ಎದ್ದು ಒಂದೇ ಕಡೆ ಸೇರುವುದು ಎಷ್ಟು ಅಪಾಯ ಅಂತ ಈಗ ಗೊತ್ತಾಯಿತಲ್ಲ?

ಇನ್ನೊಂದು ಸಂಗತಿ. ತೆಪ್ಪದೊಳಗೆ ಐದು ಸೆಂಟಿಮೀಟರ್ ನೀರು ತುಂಬಿದರೆ ಅದರ ತೂಕ 157 ಕೆ.ಜಿ., ಅಂದರೆ ಎರಡೂವರೆ ಜನದಷ್ಟು ಭಾರ. ಜನರಿಗೆ "ಕದಲಬೇಡಿ" ಅಂತ ಹೇಳಬಹುದು, ನೀರಿಗೆ ಹೇಳಲಾಗುವುದಿಲ್ಲ. ತೆಪ್ಪ ಯಾವ ಕಡೆ ವಾಲುತ್ತದೋ ಆ ಕಡೆಗೇ ಆ ನೀರೂ ಓಡುತ್ತದೆ, ಇನ್ನಷ್ಟು ವಾಲಿಸುತ್ತದೆ. ಅದಕ್ಕೇ ಅನುಭವಿ ಅಂಬಿಗರು ತಳದಲ್ಲಿ ಒಂದು ಬೊಗಸೆ ನೀರು ಕಂಡರೂ ಮೊದಲು ಎತ್ತಿ ಹೊರಗೆ ಚೆಲ್ಲುತ್ತಾರೆ.

ಹರಿಯುವ ನೀರು

ಇಷ್ಟು ಹೊತ್ತು ಹೇಳಿದ್ದು ನಿಂತ ನೀರಿನ ಮಾತು. ತುಂಗಭದ್ರೆ, ಕೃಷ್ಣೆಯಂಥ ದೊಡ್ಡ ಹೊಳೆಯಲ್ಲಿ ನೀರೇ ನಡೆಯುತ್ತಿರುತ್ತದೆ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹತ್ತಿರ ಜನ ಹೊಳೆ ದಾಟುತ್ತಿದ್ದ ಬುಟ್ಟಿದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಕುದುರೆ, ಎತ್ತುಗಳನ್ನೂ ಅದರಲ್ಲೇ ದಾಟಿಸುತ್ತಿದ್ದರಂತೆ. ಅವು ನೇರವಾಗಿ ಹೋಗದೆ ಸುತ್ತುತ್ತಲೇ ಇರುತ್ತವೆ ಅನ್ನುವುದನ್ನೂ ಅವನು ಗಮನಿಸಿದ್ದ. 500 ವರ್ಷ ಆದರೂ ಹಂಪಿಯ ತಳವಾರಘಟ್ಟದ ತೆಪ್ಪ ಇವತ್ತಿಗೂ ಸುತ್ತುತ್ತದೆ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ, ಅಷ್ಟೇ.

ಯಾಕೆ ಸುತ್ತುತ್ತದೆ? ಉದ್ದನೆಯ ದೋಣಿಗೆ ಮೂತಿ ಇದೆ, ಬಾಲ ಇದೆ. ನೀರನ್ನು ಸೀಳಿಕೊಂಡು ಒಂದು ದಿಕ್ಕಿಗೆ ಹೋಗುತ್ತದೆ. ದುಂಡನೆಯ ತೆಪ್ಪಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ. ಒಂದು ಕಡೆ ಹುಟ್ಟು ಹಾಕಿದರೆ ಅಲ್ಲೇ ತಿರುಗುತ್ತದೆ. ಅಂಬಿಗ ಮುಂದೆ ಕೂತು ಹುಟ್ಟನ್ನು ಎಡಕ್ಕೆ ಬಲಕ್ಕೆ ಎಳೆಯುತ್ತಾ ತಿರುಗುವುದನ್ನು ಸರಿ ಮಾಡುತ್ತಾನೆ. ನೋಡಲು ಸುಲಭ, ಮಾಡಲು ಹೋದರೆ ಗೊತ್ತಾಗುತ್ತದೆ! ಹಾಗಾಗಿ ದಂಡೆಯಲ್ಲಿ ಯಾರದೋ ತೆಪ್ಪ ಕವುಚಿಟ್ಟಿದ್ದರೆ, ಹುಟ್ಟು ಹಿಡಿದು ಬರುತ್ತದೆ ಅಂತ ನೀರಿಗೆ ಇಳಿಸಬೇಡಿ. ದಡ ಬಿಟ್ಟ ಮೇಲೆ ಅದು ನಿಮ್ಮ ಮಾತು ಕೇಳುವುದಿಲ್ಲ.

ಹರಿವಿನ ಬಲಕ್ಕೂ ಒಂದು ಲೆಕ್ಕ ಇದೆ. ನೀರಿನ ವೇಗ ಎರಡರಷ್ಟಾದರೆ ಅದರ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ, ಅಂದರೆ ನಡಿಗೆಯ ವೇಗದ ನೀರು, ಎದೆಮಟ್ಟ ನಿಂತವರನ್ನು ಸುಮಾರು 25 ಕೆ.ಜಿ. ಭಾರದಷ್ಟು ಬಲದಿಂದ ತಳ್ಳುತ್ತದೆ. ಅದೇ ನೀರು ಎರಡು ಮೀಟರ್ ವೇಗದಲ್ಲಿ ಬಂದರೆ 100 ಕೆ.ಜಿ. ನಿಮ್ಮಲ್ಲಿ ಯಾರೂ ಅದರ ಮುಂದೆ ನಿಲ್ಲಲಾರಿರಿ, ನಿಮ್ಮ ಪಿ.ಇ.ಟಿ. ಮೇಷ್ಟ್ರೂ ನಿಲ್ಲಲಾರರು.

ದೊಡ್ಡ ಹೊಳೆಯಲ್ಲಿ ಈ ವೇಗ ಹೇಳದೆ ಕೇಳದೆ ಏರಬಹುದು. ನೆತ್ತಿಯ ಮೇಲೆ ಬಿಸಿಲಿದ್ದರೂ ಎಲ್ಲೋ ಮಲೆನಾಡಿನಲ್ಲಿ ಮಳೆ ಆಗಿರುತ್ತದೆ, ಅಣೆಕಟ್ಟಿನ ಗೇಟು ತೆರೆದಿರುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹೊಳೆಗೆ ಏಕಾಏಕಿ ನೀರು ನುಗ್ಗಿತು. ಆಗ ಹೊಳೆಗೆ ಇಳಿಯಬೇಡಿ ಅಂತ ಡಂಗುರ ಸಾರಿದ್ದು ಸುಮ್ಮನೆ ಅಲ್ಲ. ಗೋದಾವರಿಯಲ್ಲಿ 2019ರ ಸೆಪ್ಟೆಂಬರ್ 15ರಂದು ಪಾಪಿಕೊಂಡಲು ನೋಡಲು ಹೊರಟ ದೊಡ್ಡ ಯಂತ್ರದ ದೋಣಿಯೇ ಕಚ್ಚುಲೂರಿನ ಹತ್ತಿರ ಪ್ರವಾಹದಲ್ಲಿ ಮುಳುಗಿ ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು.

ನಮ್ಮ ಎಚ್ಎಲ್‌ಸಿ ಕಾಲುವೆ ನೋಡಲು ಶಾಂತ. ಆದರೆ ಅದರ ಇಳಿಜಾರು ದಂಡೆಗೆ ಪಾಚಿ ಹಿಡಿದಿರುತ್ತದೆ. ಒಳಗೆ ಜಾರಿದರೆ ಹಿಡಿಯಲು ಗಿಡವಿಲ್ಲ, ಬೇರಿಲ್ಲ. ಅದಿರು ತೆಗೆದು ಬಿಟ್ಟ ಗುಂಡಿಯಲ್ಲಿ ನಿಂತ ಮಳೆನೀರೂ ಹಾಗೆಯೇ. ದಂಡೆಯಿಂದ ಒಂದೇ ಹೆಜ್ಜೆಗೆ ಆಳ.

ಬಾತು ಬೇಟೆಗಾರರು ಕಲಿಸಿದ ಪಾಠ

ದೊಡ್ಡ ಹೊಳೆ, ಸಣ್ಣ ದೋಣಿ, ಬಾತುಗಳು. ಈ ಮೂರೂ ಸೇರಿದ ಒಂದು ನಿಜವಾದ ಘಟನೆ ಅಮೆರಿಕದಲ್ಲಿ ನಡೆಯಿತು. 1940ರ ನವೆಂಬರ್ 11. ಮೊದಲನೆಯ ಮಹಾಯುದ್ಧ ಮುಗಿದ ನೆನಪಿಗೆ ಅಂದು ರಜೆ. ಬೆಳಿಗ್ಗೆ ಹವೆ ಹಿತವಾಗಿತ್ತು. ಮಿಸಿಸಿಪ್ಪಿ ನದಿಯ ನಡುಗಡ್ಡೆಗಳಿಗೆ ಬಾತು ಬೇಟೆಗೆ ಅಂತ ನೂರಾರು ಜನ ತೆಳು ಬಟ್ಟೆ ತೊಟ್ಟು ಸಣ್ಣ ದೋಣಿಗಳಲ್ಲಿ ಹೋದರು. ಬಾತುಗಳು ಹಿಂದೆಂದೂ ಕಾಣದಷ್ಟು ಬಂದವು. ಬೇಟೆಗಾರರಿಗೆ ಖುಷಿಯೋ ಖುಷಿ, ದಡಕ್ಕೆ ಮರಳುವ ಮನಸ್ಸೇ ಆಗಲಿಲ್ಲ. ಆದರೆ ಆ ಬಾತುಗಳು ಬಿರುಗಾಳಿಗೆ ಹೆದರಿ ಓಡಿ ಬಂದಿದ್ದವು. ಕೆಲವೇ ಗಂಟೆಗಳಲ್ಲಿ ಗಾಳಿ ಎದ್ದಿತು, ಮಳೆ ಹಿಮವಾಯಿತು, ನದಿಯಲ್ಲಿ ದೊಡ್ಡ ಅಲೆಗಳೆದ್ದವು. ಸಣ್ಣ ದೋಣಿಗಳು ಮಗುಚಿದವು. ನಡುಗಡ್ಡೆಯಲ್ಲಿ ಸಿಕ್ಕಿಕೊಂಡವರು ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಚಳಿಗೆ ಸಿಕ್ಕರು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಕಸಿಯುತ್ತದೆ. ಆ ಬಿರುಗಾಳಿಗೆ ಆ ದೇಶದಲ್ಲಿ ಸುಮಾರು 150 ಜನ ಸತ್ತರು. ಅವರಲ್ಲಿ ಬಾತು ಬೇಟೆಗೆ ಹೋದವರೂ ಹಲವರಿದ್ದರು.

ಅಲ್ಲಿ ಬಾತು ಬೇಟೆಗಾರರಿಗೆ ಹೇಳಿಕೊಡುವ ಎಚ್ಚರಿಕೆಗಳು ನಮ್ಮ ಲೆಕ್ಕಕ್ಕೇ ಬಂದು ಸೇರುತ್ತವೆ ನೋಡಿ. ದೋಣಿಯಲ್ಲಿ ನಿಂತು ಗುಂಡು ಹಾರಿಸಬೇಡಿ, ಯಾಕೆಂದರೆ ಬಂದೂಕು ಹಿಂದಕ್ಕೆ ಒದೆಯುತ್ತದೆ. ಅದು ನ್ಯೂಟನ್ನನ ಮೂರನೆಯ ನಿಯಮ. ಇಬ್ಬರು ಒಂದೇ ಕಡೆ ಬಾಗಬೇಡಿ. ನಾಯಿ ನೀರಿಗೆ ಹಾರುವಾಗ ಉಳಿದವರು ಕೂತೇ ಇರಿ. ಹೊರುವಷ್ಟೇ ಸಾಮಾನು ಹೇರಿ. ಲೈಫ್ ಜಾಕೆಟ್ ಚೀಲದಲ್ಲಿ ಇಡಬೇಡಿ, ಮೈಮೇಲೆ ಹಾಕಿಕೊಳ್ಳಿ.

ಬೇಟೆಗಾರರ ಬಗ್ಗೆ ಒಂದು ತಪ್ಪು ತಿಳಿವಳಿಕೆಯೂ ಇದೆ. ಸೊಂಟದವರೆಗಿನ ರಬ್ಬರ್ ಬೂಟಿನೊಳಗೆ ನೀರು ತುಂಬಿದರೆ ಅದು ಕಲ್ಲಿನಂತೆ ಕೆಳಗೆ ಎಳೆಯುತ್ತದೆ ಅಂತ. ಸರಿಯಾ? ಯೋಚಿಸಿ. ಬಾವಿಯಲ್ಲಿ ಮುಳುಗಿದ ಕೊಡ ನೀರೊಳಗೆ ಇರುವಷ್ಟು ಹೊತ್ತು ಹಗುರ, ಮೇಲೆ ಬಂದ ಕೂಡಲೇ ಭಾರ. ಬೂಟಿನೊಳಗಿನ ನೀರೂ ಹಾಗೆ. ನೀರೊಳಗೆ ನೀರಿಗೆ ತೂಕ ಇಲ್ಲ, ಆದ್ದರಿಂದ ಕೆಳಗೆ ಎಳೆಯುವುದಿಲ್ಲ. ಆದರೆ ಕಾಲು ಆಡಿಸಲು ಬಿಡುವುದಿಲ್ಲ, ದಡ ಹತ್ತುವಾಗ ಹೊರೆಯಾಗುತ್ತದೆ. ಒದ್ದೆಯಾದ ಪ್ಯಾಂಟು, ಸೀರೆಗೂ ಇದೇ ಮಾತು. ಹಾಗಾಗಿ ನೀರಿಗೆ ಬಿದ್ದವರು "ಬಟ್ಟೆ ಎಳೆಯುತ್ತಿದೆ" ಅಂತ ಗಾಬರಿಯಾಗಿ ಒದ್ದಾಡಬಾರದು. ಒದ್ದಾಟದಿಂದ ಉಸಿರು ಬೇಗ ಮುಗಿಯುತ್ತದೆ.

ನಮ್ಮ ದೇಶದಲ್ಲಿ ಈಗ ಕಾಡುಬಾತುಗಳ ಬೇಟೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಿಂದೆ ಬೇಟೆ ಇತ್ತು. ಕೆಲವು ಕಡೆ ಹಕ್ಕಿ ಹಿಡಿಯುವವರು ಮೊದಲು ಖಾಲಿ ಮಡಕೆಗಳನ್ನು ನೀರಿನಲ್ಲಿ ತೇಲಿಬಿಡುತ್ತಿದ್ದರಂತೆ. ಬಾತುಗಳಿಗೆ ಮಡಕೆ ಅಭ್ಯಾಸವಾದ ಮೇಲೆ ತಾವೇ ತಲೆಗೆ ಮಡಕೆ ಕವುಚಿಕೊಂಡು ನೀರೊಳಗೆ ನಡೆದು ಹೋಗಿ ಕಾಲು ಹಿಡಿಯುತ್ತಿದ್ದರಂತೆ! ಆ ಉಪಾಯ ನಮಗೆ ಬೇಡ. ಆದರೆ ಖಾಲಿ ಮಡಕೆ ತೇಲುತ್ತದೆ ಅನ್ನುವ ಸಂಗತಿ ಬೇಕು.

ಖಾಲಿ ಕ್ಯಾನಿನ ಬೆಲೆ

ನಮ್ಮ ದೇಹದ ಸಾಂದ್ರತೆ ಹೆಚ್ಚು ಕಡಿಮೆ ನೀರಿನಷ್ಟೇ. ಅದಕ್ಕೇ ತಲೆ ನೀರಿನ ಮೇಲೆ ನಿಲ್ಲಲು ಬೇಕಾದ ಹೆಚ್ಚುವರಿ ಆಸರೆ ಬಹಳ ಸಣ್ಣದು, ನಾಲ್ಕೈದು ಕೆ.ಜಿ. ಎತ್ತುವಷ್ಟು. ಹಿಂದೆ ನಮ್ಮ ಹಿರಿಯರು ಬಾವಿಯಲ್ಲಿ ಈಜು ಕಲಿಸುವಾಗ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಅಥವಾ ಬೆಂಡು ಕಟ್ಟುತ್ತಿದ್ದರು. ಲೈಫ್ ಜಾಕೆಟ್ ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ, ಮುಖ ಮೇಲಕ್ಕಿರುವಂತೆ ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಐದು ಲೀಟರಿನ ಖಾಲಿ ಕ್ಯಾನ್ ಸುಮಾರು ಐದು ಕೆ.ಜಿ.ಯಷ್ಟು ಮೇಲಕ್ಕೆ ಎತ್ತುತ್ತದೆ. ಇಪ್ಪತ್ತು ಲೀಟರಿನ ಕ್ಯಾನ್ ಮೂರು ನಾಲ್ಕು ಜನ ಹಿಡಿದರೂ ಸಾಕು. ದಂಡೆಯಲ್ಲಿ ನಿಂತವರು ಅಂಥದ್ದನ್ನು ಹಗ್ಗ ಕಟ್ಟಿ ಎಸೆದರೆ ಒಂದು ಜೀವ ಉಳಿಯಬಹುದು. ಆದರೆ ಕ್ಯಾನ್ ಇದೆ ಅಂತ ಬೇಕೆಂದೇ ಆಳಕ್ಕೆ ಇಳಿಯಬೇಡಿ. ಕೈ ಜಾರಿದರೆ ಮುಗಿಯಿತು.

ನೀವೇ ಮಾಡಿ ನೋಡಿ

ಒಂದು ಬಕೆಟ್ ಅಥವಾ ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ. ಊಟದ ಡಬ್ಬಿಯ ಅಗಲವಾದ ಮುಚ್ಚಳವನ್ನು ಮಗುಚಿ ತೇಲಿಬಿಡಿ. ಇದು ನಿಮ್ಮ ತೆಪ್ಪ.

ಮೊದಲು, ಒಂದೇ ಅಳತೆಯ ಸಣ್ಣ ಕಲ್ಲುಗಳನ್ನು ನಡುವೆ ಒಂದೊಂದಾಗಿ ಇಡುತ್ತಾ ಎಣಿಸಿ. ಎಷ್ಟು ಕಲ್ಲಿಗೆ ಮುಳುಗಿತು?

ಎರಡನೆಯ ಸಲ, ಅದರ ಅರ್ಧದಷ್ಟು ಕಲ್ಲುಗಳನ್ನು ಮಾತ್ರ ಇಟ್ಟು, ಒಂದೊಂದಾಗಿ ಅಂಚಿನ ಕಡೆಗೆ ಸರಿಸಿ. ಎಷ್ಟು ಕಲ್ಲು ಸರಿಸಿದಾಗ ಮಗುಚಿತು?

ಮೂರನೆಯ ಸಲ, ಅದೇ ಕಲ್ಲುಗಳನ್ನು ಒಂದು ಉದ್ದನೆಯ ಲೋಟದಲ್ಲಿ ತುಂಬಿ ನಡುವೆ ನಿಲ್ಲಿಸಿ. ಮೆಲ್ಲಗೆ ಅಲೆ ಎಬ್ಬಿಸಿ.

ನಾಲ್ಕನೆಯ ಸಲ, ಮುಚ್ಚಳದೊಳಗೆ ಎರಡು ಚಮಚ ನೀರು ಹಾಕಿ ಮತ್ತೆ ಕಲ್ಲು ಸರಿಸಿ.

ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಕೋಷ್ಟಕ ಮಾಡಿ ನಿಮ್ಮ ವಿಜ್ಞಾನದ ಮೇಷ್ಟ್ರಿಗೆ, ಮೇಡಂಗೆ ತೋರಿಸಿ. ಮನೆಯವರ ಮುಂದೆಯೂ ಮಾಡಿ ತೋರಿಸಿ. ದೊಡ್ಡವರಿಗೆ ಮಾತಿನಲ್ಲಿ ಹೇಳಿದರೆ "ಸುಮ್ನಿರೋ" ಅನ್ನುತ್ತಾರೆ, ಕಣ್ಣಾರೆ ನೋಡಿದರೆ ಸುಮ್ಮನೆ ಒಪ್ಪುತ್ತಾರೆ.

ಹತ್ತುವ ಮೊದಲು, ಹತ್ತಿದ ಮೇಲೆ

ತೆಪ್ಪ ನಡೆಸುವವರಲ್ಲಿ ಎಷ್ಟು ಜನ ಹತ್ತಬಹುದು ಅಂತ ಕೇಳಿ. ನೀವೇ ಎಣಿಸಿ. ಒಬ್ಬರು ಹೆಚ್ಚಾದರೂ ಇನ್ನೊಂದು ಸರದಿಗೆ ಕಾಯಿರಿ. ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ. ಇದ್ದರೆ ಗುಂಡಿ, ಪಟ್ಟಿ ಎಲ್ಲ ಹಾಕಿ ಬಿಗಿ ಮಾಡಿಕೊಳ್ಳಿ. ಕುಡಿದವರು ನಡೆಸುವ ತೆಪ್ಪಕ್ಕೆ ಕಾಲಿಡಬೇಡಿ. ಮುಗಿಲು ಕಪ್ಪಗಾಗಿ ಧೂಳುಗಾಳಿ ಎದ್ದರೆ, ಹೊಳೆಯ ನೀರು ಕೆಂಪಗಾಗಿ ಕಸಕಡ್ಡಿ ತೇಲಿ ಬರುತ್ತಿದ್ದರೆ ದಂಡೆಯಲ್ಲೇ ಇರಿ.

ಹತ್ತಿದ ಮೇಲೆ ತಳದಲ್ಲಿ ಕೂತುಕೊಳ್ಳಿ. ಅಂಚಿನ ಮೇಲೆ ಕೂರಬೇಡಿ. ಬಾತು ಹಾರಲಿ, ಮೀನು ನೆಗೆಯಲಿ, ತಲೆ ತಿರುಗಿಸಿ ನೋಡಿ, ಮೈ ತಿರುಗಿಸಬೇಡಿ.

ಒಂದು ವೇಳೆ ಮಗುಚಿದರೆ ತೆಪ್ಪವನ್ನೇ ಹಿಡಿದುಕೊಳ್ಳಿ. ಕವುಚಿಬಿದ್ದ ತೆಪ್ಪವೂ ತೇಲುತ್ತದೆ. ದಡ ಹತ್ತಿರ ಕಂಡರೂ ಈಜಿಬಿಡುತ್ತೇನೆ ಅಂತ ಬಿಡಬೇಡಿ. ನೀರಿನ ಮೇಲೆ ದೂರ ಯಾವಾಗಲೂ ಕಡಿಮೆ ಕಾಣುತ್ತದೆ. ಹರಿವಿಗೆ ಸಿಕ್ಕರೆ ಅಂಗಾತ ಮಲಗಿ, ಕಾಲು ಹರಿವಿನ ಮುಂದಕ್ಕೆ ಇರಲಿ. ಬಂಡೆ ಬಂದರೆ ಕಾಲಿಗೆ ಬಡಿಯಲಿ, ತಲೆಗೆ ಬೇಡ.

ದಂಡೆಯಲ್ಲಿ ಇರುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಯಾರಾದರೂ ಮುಳುಗುತ್ತಿದ್ದರೆ ನೀರಿಗೆ ಹಾರಬೇಡಿ. ಒಬ್ಬನನ್ನು ಉಳಿಸಲು ಅಣ್ಣ, ಅಣ್ಣನನ್ನು ಉಳಿಸಲು ಗೆಳೆಯ, ಹೀಗೆ ಒಬ್ಬರ ಹಿಂದೆ ಒಬ್ಬರು ಹೋದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಓದುತ್ತೇವೆ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಅಪ್ಪಿಕೊಳ್ಳುತ್ತಾರೆ, ಅವರಿಗೆ ಆ ಗಳಿಗೆ ನಿಮ್ಮ ಗುರುತು ಇರುವುದಿಲ್ಲ. ಕೂಗಿ ದೊಡ್ಡವರನ್ನು ಕರೆಯಿರಿ. ಕೋಲು ಚಾಚಿ, ಹಗ್ಗ ಎಸೆಯಿರಿ, ಸೀರೆ, ಪಂಚೆ ಗಂಟು ಹಾಕಿ ಎಸೆಯಿರಿ, ಖಾಲಿ ಕ್ಯಾನ್ ಎಸೆಯಿರಿ. 112ಕ್ಕೆ, ಆಂಬುಲೆನ್ಸ್ ಬೇಕಾದರೆ 108ಕ್ಕೆ ಫೋನ್ ಮಾಡಿಸಿ. ಮೇಲೆ ತೆಗೆದವರ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಅದರಿಂದ ಹೊತ್ತು ಹಾಳು. ಉಸಿರು ಇದೆಯೇ ನೋಡಿ. ಇಲ್ಲದಿದ್ದರೆ ತಿಳಿದವರು ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆ ಒತ್ತುವ ಚಿಕಿತ್ಸೆ ಶುರು ಮಾಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದೇ ವರ್ಷದಿಂದ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗುವಿಕೆ ತಡೆ ದಿನವಾಗಿ ಆಚರಿಸುತ್ತಿದೆ. ನಮ್ಮ ಶಾಲೆಗಳಲ್ಲೂ ಅಂದು ಮೇಲಿನ ಮುಚ್ಚಳದ ಪ್ರಯೋಗವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಮಾಡಬಹುದು. ಖರ್ಚು ಏನೂ ಇಲ್ಲ, ಒಂದು ಬಕೆಟ್ ನೀರು ಸಾಕು.

ಈ ಸಲ ಮಳೆ ಚೆನ್ನಾಗಿ ಆಗಲಿ. ಹಗರಿ ಹರಿಯಲಿ, ಕೆರೆ ತುಂಬಲಿ, ಬಾತುಗಳು ಬರಲಿ. ದಂಡೆಯಲ್ಲಿ ಕೂತು ಎಣಿಸಿ, ಹೆಸರು ಬರೆದುಕೊಳ್ಳಿ. ತೆಪ್ಪ ಹತ್ತಲೇಬೇಕಾದ ದಿನ ಬಂದರೆ ಬಾತು ಎಣಿಸುವ ಮೊದಲು ತೆಪ್ಪದೊಳಗಿನ ತಲೆಗಳನ್ನು ಎಣಿಸಿ. "ಒಬ್ಬರು ಹೆಚ್ಚಿದ್ದೀವಿ, ನಾನು ಇಳೀತೀನಿ" ಅನ್ನುವ ಮೊದಲ ದನಿ ನಿಮ್ಮದೇ ಆಗಿರಲಿ.